ಓದುಗರ ಪ್ರಶ್ನೆ: ಮೊದಲು ವರ್ಷ ಹೇಳಿ, ಆಮೇಲೆ ಖಡ್ಗ ಹಿರಿಯಿರಿ

ಜಪಾನಿನ ಮಧ್ಯಯುಗದ ಐತಿಹ್ಯಗಳನ್ನು ಹಿಡಿದು ಕನ್ನಡದಲ್ಲಿ ದೊಡ್ಡ ಕಾದಂಬರಿ ಬರೆಯಲು ಹೊರಟವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಕಾಗದಗಳಲ್ಲಿ ದೆವ್ವ, ಖಡ್ಗ, ನರಿ ಧಾರಾಳವಾಗಿವೆ. ಇಸವಿ ಮಾತ್ರ ಯಾರೂ ಬರೆದಿಲ್ಲ.

ಪ್ರಶ್ನೆ: ಯೊಶಿತ್ಸುನೆ, ಬೆಂಕೇ ಇವರ ಮ್ಯಾಲೆ ಮೂರು ಸಂಪುಟದ ಕಾದಂಬರಿ ಬರಿಯಾಕತ್ತೀನಿ. ಏಳು ಅಂತಸ್ತಿನ ಕೋಟಿ ಐತಿ, ನಾಯಕನ ನಡುವಿನಾಗ ಕತಾನ ಖಡ್ಗ ಐತಿ, ಹತ್ತಿ ಅಂಗಿ, ಖಾರದ ಊಟ, ನಡುವ ಒಬ್ಬಾಕಿ ಗೇಷಾ ಬರ್ತಾಳ. ಗೆಳೆಯ ಓದಿ "ಇದರಾಗ ಐನೂರು ವರ್ಷ ಕಲಸ್ಯಾವಲ್ಲೋ" ಅಂದ. ಖರೇನ? — ಓದುಗರು, ಗದಗ

ಉತ್ತರ: ಖರೆ. ಐನೂರಕ್ಕಿಂತ ಜಾಸ್ತಿಯೇ ಇರಬಹುದು. ಮಿನಮೊತೊ ಮನೆತನದ ಸೇನಾನಿ ಯೊಶಿತ್ಸುನೆ (ಬೆಂಕೇ ಅವನ ಬಂಟ, ಯೋಧ ಭಿಕ್ಷು) ಸತ್ತದ್ದು 1189ರಲ್ಲಿ. ಅವನು ಕಾದಿದ ಗೆಂಪೇ ಯುದ್ಧ, ಅಂದರೆ ಮಿನಮೊತೊ ಮತ್ತು ತಾಯಿರ ಮನೆತನಗಳ ಕಾಳಗ, ನಡೆದದ್ದು 1180ರಿಂದ 1185. ಹಾಗಾಗಿ ನಿಮ್ಮ ಗೆರೆ 1189. ಅದರಾಚೆ ಹುಟ್ಟಿದ ಯಾವ ವಸ್ತುವೂ ಪುಟದೊಳಗೆ ಕಾಲಿಡಬಾರದು.

ಈಗ ಪಟ್ಟಿ ನೋಡೋಣ. ಕಲ್ಲಿನ ತಳಪಾಯದ ಮೇಲೆ ಬಹುಮಹಡಿ ಗೋಪುರ ಎದ್ದು ನಿಲ್ಲುವ ಕೋಟೆ 16ನೇ ಶತಮಾನದ್ದು. ಒದ ನೊಬುನಗ ಎಂಬ ಸೇನಾನಾಯಕ ಅಜುಚಿಯಲ್ಲಿ ಕಟ್ಟಿಸಲು ಶುರುಮಾಡಿದ್ದು 1576ರಲ್ಲಿ. 1185ರ ಕೋಟೆ ಎಂದರೆ ಕಂದಕ, ಮುಳ್ಳುಬೇಲಿಯಂತೆ ನೆಟ್ಟ ಮರದ ಕೊಂಬೆಗಳು, ಹಲಗೆಯ ಅಡ್ಡಗೋಡೆ, ಮೇಲೊಂದು ಅಟ್ಟಣಿಗೆ. ಗೇಷಾ, ಅಂದರೆ ಹಾಡಿ ಕುಣಿದು ರಂಜಿಸುವವಳು, 18ನೇ ಶತಮಾನದ ಊರಿನ ಹೆಣ್ಣು. ನಿಮಗೆ ಬೇಕಾದವಳು ಶಿರಬ್ಯೋಶಿ: ಗಂಡಸಿನ ಉಡುಪು ತೊಟ್ಟು, ತಲೆಗೆ ಎತ್ತರದ ಕಪ್ಪು ಟೊಪ್ಪಿಗೆ ಇಟ್ಟು, ಸೊಂಟಕ್ಕೆ ಖಡ್ಗ ಕಟ್ಟಿ ಕುಣಿಯುವವಳು. ಯೊಶಿತ್ಸುನೆಯ ಪ್ರೇಯಸಿ ಶಿಜುಕ ಅಂಥವಳೇ. ಇಷ್ಟು ಒಳ್ಳೆಯ ಪಾತ್ರ ಎದುರಿಗೇ ಇರುವಾಗ ಗೇಷಾ ಏತಕ್ಕೆ?

ಹತ್ತಿಯ ಬೆಳೆ ಜಪಾನಿನಲ್ಲಿ ಬೇರೂರಿದ್ದು 15–16ನೇ ಶತಮಾನದ ಹೊತ್ತಿಗೆ. ಎರೆಹೊಲದ ನಮಗೆ ಇದು ತಲೆಗೆ ಹೋಗುವುದು ಕಷ್ಟ. ಆದರೆ 1185ರ ರೈತ ತೊಟ್ಟದ್ದು ಸೆಣಬಿನಂಥ ನಾರಿನ ಬಟ್ಟೆ, ಅರಮನೆಯವರು ತೊಟ್ಟದ್ದು ರೇಷ್ಮೆ. ಚಳಿಗಾಲದ ದೃಶ್ಯ ಇದರಿಂದ ಪೂರಾ ಬದಲಾಗುತ್ತದೆ, ನಾರುಬಟ್ಟೆ ಬೆಚ್ಚಗಿಡುವುದಿಲ್ಲ. ಮೆಣಸಿನಕಾಯಿಯ ಮಾತು ಬಿಡಿ. ಆಗ ಅದು ಜಪಾನಿನಲ್ಲೂ ಇರಲಿಲ್ಲ, ಬ್ಯಾಡಗಿಯಲ್ಲೂ ಇರಲಿಲ್ಲ, ಎರಡೂ ಕಡೆಗೆ ಬಂದದ್ದು ಪೋರ್ಚುಗೀಸರು ಸಮುದ್ರ ದಾಟಿದ ಮೇಲೆ. ಬಡವರ ಕುಡಿಕೆಯಲ್ಲಿ ನವಣೆ, ಊದಲು, ಜವೆಗೋದಿ ಹಾಕಿರಿ. ಅದನ್ನು ನಿಮ್ಮ ಓದುಗರು ನಾಲಿಗೆಯಿಂದಲೇ ಓದುತ್ತಾರೆ.

ಕತಾನ ಎಂಬುದೂ ಜಾರಿದ ಕಾಲು. ಆಗಿನ ಖಡ್ಗ ತಚಿ. ಅದನ್ನು ಸೊಂಟದಿಂದ ದಾರಕ್ಕೆ ಇಳಿಬಿಡುತ್ತಾರೆ, ಬಾಯಿ, ಅಂದರೆ ಹರಿತದ ಅಂಚು, ಕೆಳಮುಖ. ಕುದುರೆ ಮೇಲೆ ಕೂತವನಿಗೆ ಅದೇ ಅನುಕೂಲ. ನಡುಪಟ್ಟಿಗೆ ಸಿಕ್ಕಿಸಿ, ಬಾಯಿ ಮೇಲ್ಮುಖ ಮಾಡಿ, ಹಿರಿದ ಕೈಯಲ್ಲೇ ಹೊಡೆಯುವ ವರಸೆ ಕಾಲಾಳು ಹೆಚ್ಚಾದ ಮೇಲಿನ ಶತಮಾನಗಳದು. "ಹಿರಿದದ್ದೇ ತಡ ಕಡಿದ" ಎಂದು ಬರೆದ ವಾಕ್ಯಗಳನ್ನೆಲ್ಲ ಹುಡುಕಿ ತಿದ್ದಬೇಕಾದೀತು.

ಒಂದು ಕೆಲಸ ಮಾಡಿ. ದೊಡ್ಡ ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ. ಒಂದರಲ್ಲಿ ಇಸವಿ, ಎರಡನೆಯದರಲ್ಲಿ ಅಲ್ಲಿ ನಡೆದದ್ದು, ಮೂರನೆಯದರಲ್ಲಿ ಇಲ್ಲಿ ನಡೆದದ್ದು. ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲಮಾನದಲ್ಲೇ, 1156ರಲ್ಲಿ, ಕ್ಯೋತೊದಲ್ಲಿ ಹೋಗೆನ್ ದಂಗೆ. ತಾಯಿರ ಮನೆತನ ಮುಳುಗುವ ಹೊತ್ತಿಗೆ ಹೊಯ್ಸಳ ವೀರಬಲ್ಲಾಳ ಸಿಂಹಾಸನದ ಮೇಲಿದ್ದಾನೆ, ಲಕ್ಕುಂಡಿಯ ಗುಡಿಗಳು ನಿಂತಿವೆ. ಮೂರನೆಯ ಸಾಲು ಕಾದಂಬರಿಗೆ ಬರುವುದಿಲ್ಲ. ಬರೆಯುವವರ ಅಂದಾಜು ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ಪ್ರಶ್ನೆ: ಜಪಾನಿ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಕ್ರಮ ಯಾವುದು? ಯೊರಿತೊಮೊ, ಯೊಶಿತೊಮೊ, ಯೊಶಿನಕ, ಯೊಶಿತ್ಸುನೆ, ನೊರಿಯೊರಿ... ಬರೆದ ನನಗೇ ಯಾರು ಯಾರೆಂದು ತಿಳಿಯುತ್ತಿಲ್ಲ. — ಓದುಗರು, ಧಾರವಾಡ

ಉತ್ತರ: ಬರೆಯುವ ವಿಷಯದಲ್ಲಿ ಕನ್ನಡಕ್ಕೆ ಅದೃಷ್ಟವಿದೆ. ಜಪಾನಿಯಲ್ಲಿ ಎ–ಏ, ಒ–ಓ ಬೇರೆ ಬೇರೆ, ಕನ್ನಡದಲ್ಲೂ ಬೇರೆ. 'ಒಜಿ' ಎಂದರೆ ದೊಡ್ಡಪ್ಪ, ಚಿಕ್ಕಪ್ಪ, ಮಾವ. 'ಓಜಿ' ಎಂದರೆ ರಾಜಕುಮಾರ. ಇಂಗ್ಲಿಷ್ ಕಾಗುಣಿತದಲ್ಲಿ ಈ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ದೀರ್ಘದ ಗೆರೆ ಹಾಕಿದ ಪಠ್ಯವನ್ನೇ ನೋಡಿ ಬರೆಯಿರಿ. ಅನುಸ್ವಾರವೂ ಹಾಗೆಯೇ: ಅಲ್ಲಿನ ಅನುನಾಸಿಕ ಮುಂದಿನ ವ್ಯಂಜನಕ್ಕೆ ಹೊಂದಿಕೊಂಡು ಬದಲಾಗುತ್ತದೆ, ನಮ್ಮ ಸೊನ್ನೆಯಂತೆ. 'ಬೆಂಕೇ'ಯಲ್ಲಿ ಒಂದು ಉಚ್ಚಾರ, 'ಗೆಂಪೇ'ಯಲ್ಲಿ ಇನ್ನೊಂದು, ಬರವಣಿಗೆ ಮಾತ್ರ ಒಂದೇ. ಒತ್ತಕ್ಷರಕ್ಕೂ ತೊಂದರೆಯಿಲ್ಲ, 'ಸೆಪ್ಪುಕು' ಎಂದು ಬರೆದರೆ ಮುಗಿಯಿತು. ಇದು ಪೂರ್ತಿ ಆಕಸ್ಮಿಕವಲ್ಲ. ಜಪಾನಿನ ಅಕ್ಷರಮಾಲೆ ಅ ಇ ಉ ಎ ಒ, ಕ ಸ ತ ನ ಎಂದು ಸಾಗುವುದು ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕಾಗಿ ಕಲಿತ ಸಿದ್ಧಂ ಲಿಪಿಯ ಪ್ರಭಾವದಿಂದ.

ತಪ್ಪು ಹಿಡಿಯಲು ಒಂದು ಸುಲಭ ಜರಡಿ: ಹಳೆಯ ಜಪಾನಿ ಹೆಸರನ್ನು ಇಂದಿನ ಉಚ್ಚಾರದಲ್ಲಿ ಬರೆಯುವಾಗ 'ಲ', 'ಸಿ', 'ತಿ', 'ತು', 'ಹು' ಬರುವುದಿಲ್ಲ. ಅವುಗಳ ಜಾಗದಲ್ಲಿ ರ, ಶಿ, ಚಿ, ತ್ಸು, ಫು ಇರುತ್ತವೆ. ಹಸ್ತಪ್ರತಿಯ ಹೆಸರುಗಳನ್ನು ಒಮ್ಮೆ ಈ ಜರಡಿಯಲ್ಲಿ ಆಡಿಸಿ. ನಿಮ್ಮದೇ ಸೃಷ್ಟಿಯ ಪಾತ್ರಕ್ಕೆ 'ಹಸಿತುಲ' ಎಂದು ಹೆಸರಿಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮನೆತನ ಮೊದಲು, ಹೆಸರು ಆಮೇಲೆ. ನಡುವೆ ಬರುವ 'ನೊ' ನಮ್ಮ ಷಷ್ಠಿ ವಿಭಕ್ತಿ: ಮಿನಮೊತೊ ನೊ ಯೊಶಿತ್ಸುನೆ ಎಂದರೆ ಮಿನಮೊತೊ ಮನೆತನದ ಯೊಶಿತ್ಸುನೆ. ಪೂರ್ವದ ಯೋಧರ ಅಡ್ಡಹೆಸರುಗಳಾದ ಚಿಬ, ಹೋಜೋ, ಕುಮಗಯ್ ಎಲ್ಲ ಊರಿನವೇ. ಹಾನಗಲ್, ಸವಣೂರ, ಅಣ್ಣಿಗೇರಿ ಎಂಬ ಅಡ್ಡಹೆಸರು ಕೇಳಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಗೊಂದಲಕ್ಕೆ ಔಷಧ ಆ ಕಾಲದ ಪದ್ಧತಿಯಲ್ಲೇ ಇದೆ. ದೊಡ್ಡವರ ನಿಜನಾಮವನ್ನು ಎದುರಿಗೆ ಹೇಳುವುದು ಅವಮಾನ. ಯೊಶಿತ್ಸುನೆಯ ಅಣ್ಣ ಯೊರಿತೊಮೊನನ್ನು ಎಲ್ಲರೂ 'ಕಮಕುರ ದೊನೊ' ಎನ್ನಲಿ, ಅಂದರೆ ಕಮಕುರದ ಒಡೆಯರು. ಯೊಶಿನಕನನ್ನು ಅವನು ಬೆಳೆದ ಕಣಿವೆಯ ಹೆಸರಿನಿಂದ 'ಕಿಸೊ' ಎನ್ನಿ. ಯೊಶಿತ್ಸುನೆ ಹುಡುಗನಾಗಿದ್ದಾಗ 'ಉಶಿವಕ', ಬೆಳೆದ ಮೇಲೆ 'ಕುರೋ', ಒಂಬತ್ತನೆಯ ಮಗ. ನಿಜನಾಮಗಳನ್ನು ವಂಶಾವಳಿಯ ಪುಟಕ್ಕೆ, ರಣರಂಗದ ಕೂಗಿಗೆ ಉಳಿಸಿಡಿ. ಯೋಧ ತನ್ನ ಪೂರ್ತಿ ಹೆಸರು ತಾನೇ ಕೂಗಿ ಹೇಳುವುದು ಅಲ್ಲಿಯೇ, ಆಗ ಓದುಗರ ಕಿವಿ ನೆಟ್ಟಗಾಗುತ್ತದೆ.

ಪ್ರಶ್ನೆ: ನಮ್ಮದು ಕಮ್ಮಾರಕಿ ಮನಿ. "ಮಾಯದ ಖಡ್ಗವನ್ನು ಸಾವಿರ ಸಲ ಮಡಚಿದರು" ಅಂತ ಬರದದ್ದು ಓದಿ ನಮ್ಮಪ್ಪಾರು ನಕ್ಕರು. ಕುಲುಮಿ ದೃಶ್ಯ ಹ್ಯಾಂಗ ಬರೀಬೇಕು? ಕೆಡೂದು ಎಲ್ಲಿ ಕೆಡತೈತಿ? — ಓದುಗರು, ಹಾವೇರಿ ಜಿಲ್ಲೆ

ಉತ್ತರ: ತಂದೆಯವರು ನಕ್ಕದ್ದು ಸರಿ. ಒಂದು ಸಲ ಮಡಚಿದರೆ ಪದರ ಎರಡು, ಎರಡು ಸಲಕ್ಕೆ ನಾಲ್ಕು, ಹತ್ತು ಸಲಕ್ಕೆ 1,024, ಹದಿನೈದಕ್ಕೆ 32,768. ಸಾವಿರವಿರುವುದು ಪದರಗಳ ಲೆಕ್ಕದಲ್ಲಿ. ಮಡಚುವುದು ಹತ್ತರಿಂದ ಹದಿನೈದು ಸಲ. ಅದಕ್ಕಿಂತ ಮುಂದೆ ಹೋದರೆ ಲಾಭವಿಲ್ಲ, ನಷ್ಟ: ಪ್ರತಿ ಕಾಯಿಸುವಿಕೆಯಲ್ಲೂ ಒಂದಿಷ್ಟು ಉಕ್ಕು ಹೊಪ್ಪಳೆಯಾಗಿ ಉದುರುತ್ತದೆ, ಇಂಗಾಲವೂ ಸುಟ್ಟುಹೋಗಿ ಉಕ್ಕು ಮೆದುವಾಗುತ್ತದೆ. ಇದನ್ನು ತಡೆಯಲೆಂದೇ ಕೆಂಡಕ್ಕೆ ಇಡುವ ಮೊದಲು ಮುದ್ದೆಯನ್ನು ಭತ್ತದ ಹುಲ್ಲಿನ ಬೂದಿಯಲ್ಲಿ ಹೊರಳಿಸಿ, ಮೇಲೆ ತೆಳು ಕೆಸರು ಸುರಿಯುತ್ತಾರೆ. ಕಡೆಗೆ ಉಳಿಯುವ ಅಲಗು ಒಂದು ಕಿಲೋದ ಆಸುಪಾಸು. ಹತ್ತಿದ ಕಚ್ಚಾ ಉಕ್ಕು ಅದರ ಹಲವು ಪಟ್ಟು.

ಅದಿರು ಗಣಿಯ ಕಲ್ಲಲ್ಲ, ಹೊಳೆಯಲ್ಲಿ ತೊಳೆದು ತೆಗೆದ ಕಬ್ಬಿಣದ ಮರಳು. ಮಣ್ಣಿನ ಒಲೆಗೆ ಮರಳು, ಇದ್ದಿಲು ಸರದಿಯಂತೆ ಸುರಿಯುತ್ತ ತಿದಿ ಒತ್ತುತ್ತಾರೆ, ಕಡೆಗೆ ಒಲೆಯನ್ನೇ ಒಡೆದು ಉಕ್ಕಿನ ಗಟ್ಟಿ ಎಳೆಯುತ್ತಾರೆ. ಇಂದು ಶಿಮಾನೆ ಪ್ರಾಂತದಲ್ಲಿ ನಡೆಯುವ ಅಂಥ ಒಲೆ ಮೂರು ದಿನ, ಮೂರು ರಾತ್ರಿ ಉರಿದು ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ನುಂಗಿ ಎರಡೂವರೆ ಟನ್ ಗಟ್ಟಿ ಕೊಡುತ್ತದೆ. ಈ ಅಂಕಿಗಳನ್ನು 1185ಕ್ಕೆ ಹಾಗೇ ಎತ್ತಿಡಬೇಡಿ, ಆಗಿನ ಒಲೆ ಚಿಕ್ಕದು.

ನಿಮ್ಮ ಅಧ್ಯಾಯದ ಜೀವ ಇರುವುದು ಹದ ಹಾಕುವ ಘಳಿಗೆಯಲ್ಲಿ. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಅಲಗಿಗೆ ಬಳಿಯುತ್ತಾರೆ: ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಒಣಗಿಸಿ, ಕತ್ತಲು ಮಾಡಿದ ಕುಲುಮೆಯಲ್ಲಿ ಕಾಯಿಸುತ್ತಾರೆ. ಕತ್ತಲು ಮಂತ್ರಕ್ಕಲ್ಲ, ಬಣ್ಣ ನೋಡಲಿಕ್ಕೆ. 750–800 ಡಿಗ್ರಿಯ ಕೆಂಪು ಹಗಲಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಆಮೇಲೆ ನೀರಿಗೆ. ತೆಳು ಮಣ್ಣಿನ ಬಾಯಿ ಥಟ್ಟನೆ ಆರಿ ಗಡುಸಾಗುತ್ತದೆ, ದಪ್ಪ ಮಣ್ಣಿನ ಬೆನ್ನು ನಿಧಾನಕ್ಕೆ ಆರಿ ಮೆತ್ತಗುಳಿಯುತ್ತದೆ. ಗಡುಸಾದ ಉಕ್ಕು ಹಿಗ್ಗುವುದರಿಂದ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ನೀರೊಳಗೆ ಅದು ಮೊದಲು ಬಾಯಿಯ ಕಡೆಗೊಮ್ಮೆ ಬಾಗಿ, ನಂತರ ಹಿಂದಕ್ಕೆ ತಿರುಗುತ್ತದೆ. ಈ ಎರಡು ಬಾಗುವಿಕೆಯ ನಡುವಿನ ಉಸಿರನ್ನು ಬರೆಯಿರಿ. ಯಾವ ಮಾಯೆಯೂ ಬೇಕಿಲ್ಲ.

ಕೆಡುವುದೂ ಅಲ್ಲೇ. ಹೆಚ್ಚು ಕಾಯಿಸಿದರೆ ಉಕ್ಕಿನ ಕಣ ದಪ್ಪಗಾಗಿ ಬಾಯಿಗೆ ಅಡ್ಡ ಬಿರುಕು. ಒಂದೇ ಬಿರುಕಿದ್ದರೂ ಖಡ್ಗ ತಿಪ್ಪೆಗೆ. ಕಡಿಮೆ ಕಾಯಿಸಿದರೆ ಬಾಯಿ ಗಡುಸಾಗುವುದೇ ಇಲ್ಲ. ಮಣ್ಣು ಸರಿಯಾಗಿ ಒಣಗದಿದ್ದರೆ ಕಾಯುವಾಗ ಕಳಚಿ, ಅಲ್ಲಲ್ಲಿ ಕಲೆ. ವಾರಗಟ್ಟಲೆ ಬಡಿದದ್ದು 'ಟಿಂಕ್' ಎಂಬ ಒಂದು ಸದ್ದಿನಲ್ಲಿ ಹೋಗುತ್ತದೆ. ಆ ಸದ್ದು ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ, ಕೇಳಿ ಬರೆದುಕೊಳ್ಳಿ.

ಮಾಯೆ ಬೇಕೇ ಬೇಕೆಂದರೆ ಐತಿಹ್ಯವೇ ಕೊಟ್ಟಿದೆ. ಇಚಿಜೋ ಚಕ್ರವರ್ತಿಗೆ ಖಡ್ಗ ಮಾಡಿಕೊಡಬೇಕಾದ ಮುನೆಚಿಕ ಎಂಬ ಕಮ್ಮಾರನಿಗೆ ಎದುರು ಸಮ್ಮಟಿಗೆ ಹಿಡಿಯುವ ಜೊತೆಗಾರ ಸಿಗುವುದಿಲ್ಲ. ಇನಾರಿ ದೇವರು ನರಿರೂಪದಲ್ಲಿ ಬಂದು ಪೆಟ್ಟಿಗೆ ಪೆಟ್ಟು ಕೊಡುತ್ತದೆ. ಹೀಗೆ ಎದುರು ಬದುರು ಬಡಿಯುವುದಕ್ಕೆ ಜಪಾನಿಯಲ್ಲಿ 'ಐಜುಚಿ' ಎನ್ನುತ್ತಾರೆ. ಮಾತಿನ ನಡುವೆ ಹೂಂಗುಟ್ಟುವುದಕ್ಕೂ ಅದೇ ಪದ. ಕಥೆಗೆ ಹೂಂಗುಡುವವರಿಲ್ಲದೆ ಕಥೆ ಸಾಗದ ಊರಿನವರಿಗೆ ಇದಕ್ಕಿಂತ ಚಂದದ ಎಳೆ ಬೇಕೆ?

ಪ್ರಶ್ನೆ: ಒನಿಯನ್ನು (ಕೊಂಬಿನ ದೈತ್ಯ) 'ರಾಕ್ಷಸ', ತೆಂಗುವನ್ನು (ರೆಕ್ಕೆಯ ಬೆಟ್ಟದ ಭೂತ) 'ಗರುಡ' ಎಂದು ಅನುವಾದಿಸಬಹುದೇ? ನಮ್ಮ ಪುರಾಣದ ನಂಟು ಎಷ್ಟರವರೆಗೆ ಎಳೆಯಬಹುದು? — ಓದುಗರು, ಹುಬ್ಬಳ್ಳಿ

ಉತ್ತರ: ಅನುವಾದಿಸಬೇಡಿ. ರಾಕ್ಷಸ ಅಲ್ಲಿ ಬೇರೆಯಾಗಿಯೇ ಇದ್ದಾನೆ, 'ರಸೆತ್ಸು' ಎಂಬ ಹೆಸರಿನಲ್ಲಿ, ಗರುಡ 'ಕರುರ'. ಅವರಿಬ್ಬರೂ ಬೌದ್ಧ ಗ್ರಂಥಗಳ ಜೊತೆ ಹೋದವರು. ಸರಸ್ವತಿ ಅಲ್ಲಿ ಬೆಂಜೈತೆನ್, ಕೈಯಲ್ಲಿ ಬಿವ ಎಂಬ ತಂತಿವಾದ್ಯ. ಯಮ 'ಎಮ್ಮ', ಇಂದ್ರ 'ತಾಯ್‌ಶಕುತೆನ್', ಗಣಪತಿ 'ಕಾಂಗಿತೆನ್'. ಒನಿ ಮತ್ತು ತೆಂಗು ಆ ನೆಲದಲ್ಲೇ ಬೆಳೆದ ಜಾತಿ. ಓಯೆ ಬೆಟ್ಟದ ಶುತೆನ್ ದೋಜಿ ಎಂಬ ಒನಿಯನ್ನು ಮಿನಮೊತೊ ನೊ ಯೊರಿಮಿತ್ಸು ನಾಲ್ವರು ಭಟರೊಂದಿಗೆ ಹೋಗಿ ಹೆಂಡ ಕುಡಿಸಿ ಕೊಂದ ಕಥೆಯಲ್ಲಿ ಒನಿ ಸಾಯುವಾಗ ಮೋಸವನ್ನು ಹಳಿಯುತ್ತಾನೆ. 'ರಾಕ್ಷಸ' ಎಂದು ಬರೆದೊಡನೆ ನಮ್ಮ ಓದುಗರು ಅವನ ಪಕ್ಷ ಬಿಟ್ಟುಬಿಡುತ್ತಾರೆ, ಆ ಮಾತಿನ ಬಿಸಿ ಆರುತ್ತದೆ. ತೆಂಗು ಎಂದರೆ ಉದ್ದ ಮೂಗಿನವನೆಂಬುದೂ ನಂತರದ ಚಿತ್ರ. ಹಳೆಯ ಚಿತ್ರಸುರುಳಿಗಳಲ್ಲಿ ಅವನು ಹದ್ದಿನ ಕೊಕ್ಕು, ರೆಕ್ಕೆಗಳವನು. ಕುರಮ ಬೆಟ್ಟದಲ್ಲಿ ಬಾಲಕ ಯೊಶಿತ್ಸುನೆಗೆ ಕತ್ತಿವರಸೆ ಕಲಿಸಿದವರು ಇವರೇ ಎಂಬುದು ಪ್ರತೀತಿ.

ನಂಟು ಎಳೆಯಬೇಕಾದ ಕಡೆ ಐತಿಹ್ಯವೇ ಎಳೆದಿದೆ. ತೊಬ ಚಕ್ರವರ್ತಿಯನ್ನು ಮರುಳು ಮಾಡಿದ 'ತಮಮೊ ನೊ ಮಯೆ' ಎಂಬಾಕೆ ನಿಜದಲ್ಲಿ ಒಂಬತ್ತು ಬಾಲದ ನರಿ. ಅದು ಹಿಂದೆ ಚೀನಾದಲ್ಲಿ ಒಬ್ಬ ರಾಣಿ, ಅದಕ್ಕೂ ಮೊದಲು ಭಾರತದಲ್ಲಿ ಹಂಜೊಕು ಎಂಬ ರಾಜನ ಮಡದಿ. ಹಂಜೊಕು ಎಂದರೆ ಮಚ್ಚೆಗಾಲಿನವನು, ಅಂದರೆ ಮಹಾಭಾರತದಲ್ಲಿ ಶಾಪಗ್ರಸ್ತನಾಗಿ ನರಭಕ್ಷಕನಾದ ನಮ್ಮ ಕಲ್ಮಾಷಪಾದ. ಮೂರು ದೇಶದ ಕಾದಂಬರಿ ಬರೆಯುವವರಿಗೆ ಸಿದ್ಧ ಹೆದ್ದಾರಿ. ಕೊಂದ ಮೇಲೆ ಆ ನರಿ ನಾಸು ಎಂಬಲ್ಲಿ ವಿಷ ಕಾರುವ ಬಂಡೆಯಾಯಿತು. ಆ ಬಂಡೆ 2022ರ ಮಾರ್ಚ್‌ನಲ್ಲಿ ಸೀಳಿಬಿದ್ದದ್ದು ಸುದ್ದಿಯಾಗಿತ್ತು.

ಪ್ರೇತಗಳಿಗೂ ಅಲ್ಲಿ ಸರಕಾರಿ ಕ್ರಮವಿದೆ, ಇದನ್ನು ಬಿಟ್ಟವರೇ ಹೆಚ್ಚು. ವಿದ್ವಾಂಸ ಮಂತ್ರಿ ಸುಗವರ ನೊ ಮಿಚಿಜಾನೆ ಚಾಡಿಗೆ ಬಲಿಯಾಗಿ ಗಡಿಪಾರಿನಲ್ಲೇ 903ರಲ್ಲಿ ತೀರಿಕೊಂಡ. ಆಮೇಲೆ ವಿರೋಧಿಗಳ ಸಾವು. 930ರಲ್ಲಿ ಅರಮನೆಗೇ ಸಿಡಿಲು. ಆಸ್ಥಾನ ಅವನಿಗೆ ಗುಡಿ ಕಟ್ಟಿತು, 993ರಲ್ಲಿ ಸತ್ತವನಿಗೆ ಅತ್ಯುನ್ನತ ಪದವಿಯ ಆಜ್ಞಾಪತ್ರ ಕೊಟ್ಟಿತು. ಅನ್ಯಾಯದ ಸಾವು, ಉತ್ಪಾತ, ಪದವಿ, ಪೂಜೆ: ಈ ನಾಲ್ಕು ಮೆಟ್ಟಿಲು. ನಿಮ್ಮ ದೆವ್ವ ಖಡ್ಗದಿಂದ ಸಾಯುವ ಬದಲು ಕಾಗದದಿಂದ ಶಾಂತವಾದರೆ ಅದು ಹೆಚ್ಚು ಜಪಾನಿ.

ಪ್ರಶ್ನೆ: ಯುದ್ಧ ವರ್ಣನೆ ಕುಮಾರವ್ಯಾಸನ ಧಾಟಿಯಲ್ಲಿ ಇರಲಿ ಎಂಬ ಆಸೆ. ಹೊಂದುತ್ತದೆಯೇ? — ಓದುಗರು, ಧಾರವಾಡ

ಉತ್ತರ: ಧಾಟಿ ಹೊಂದುತ್ತದೆ, ಕೈವರಸೆ ಹೊಂದುವುದಿಲ್ಲ. ಗೆಂಪೇ ಯುದ್ಧದ ಕಥೆಯನ್ನು ಕುರುಡ ಭಿಕ್ಷುಗಳು ಬಿವ ನುಡಿಸುತ್ತ ಊರೂರಲ್ಲಿ ಹಾಡಿದರು. 'ಹೇಕೆ' (ಅಂದರೆ ತಾಯಿರ ಮನೆತನ) ಕಥನದ ಹೆಸರುವಾಸಿ ಪಾಠ 1371ರಲ್ಲಿ ಬರಹಕ್ಕಿಳಿಯಿತು. ಅದು ಶುರುವಾಗುವುದು ಜೇತವನದ ಗಂಟೆಯ ದನಿಯಿಂದ, ಸಾಲವೃಕ್ಷದ ಹೂವಿನ ಬಣ್ಣದಿಂದ. ಗದುಗಿನ ವೀರನಾರಾಯಣ ಗುಡಿಯ ಭಾರತವನ್ನು ಗಮಕದಲ್ಲಿ ಕೇಳಿದವರಿಗೆ ಹಾಡುಗಬ್ಬದ ಈ ಓಟ ಅಪರಿಚಿತವಲ್ಲ.

ಕೈವರಸೆ ಹೀಗೆ: ಆ ಯೋಧ ಮೊದಲು ಬಿಲ್ಲುಗಾರ, ಆಮೇಲೆ ಖಡ್ಗದವನು. ಬಿಲ್ಲು ಎರಡು ಮೀಟರಿಗೂ ಉದ್ದ, ಹಿಡಿ ನಡುವಿನಲ್ಲಲ್ಲ, ಕೆಳಗಿನ ಮೂರನೇ ಒಂದು ಭಾಗದಲ್ಲಿ. ಅದನ್ನು ಎಡಗೈ ಹಿಡಿಯುವುದರಿಂದ ಕುದುರೆ ಮೇಲಿಂದ ಎಡಕ್ಕೇ ಸಲೀಸು, ಬಲಕ್ಕೆ ತೀರಾ ಕಷ್ಟ. ಆದ್ದರಿಂದ ಇಬ್ಬರೂ ಎದುರಾಳಿಯನ್ನು ತಮ್ಮ ಎಡಕ್ಕೆ ತರಲು ಸುತ್ತು ಹಾಕುತ್ತಾರೆ. ನಿಮ್ಮ ದ್ವಂದ್ವಯುದ್ಧದ ನಕ್ಷೆಯೇ ಇದು. ಕವಚ 25–30 ಕಿಲೋ, ಕುದುರೆ ಹೆಗಲಮಟ್ಟ 130 ಸೆಂಟಿಮೀಟರಿನ ಆಸುಪಾಸು. ಅಷ್ಟು ಹೊತ್ತ ಗಿಡ್ಡ ಕುದುರೆ ಹರದಾರಿಗಟ್ಟಲೆ ನಾಗಾಲೋಟ ಓಡದು. ಕಾಳಗ ತೆರೆಯುವುದು ಸಿಳ್ಳು ಹಾಕುತ್ತ ಹೋಗುವ ಬಾಣದಿಂದ. ನಂತರ ಹೆಸರು ಕೂಗು, ಬಾಣ, ಹತ್ತಿರವಾದರೆ ಕುದುರೆಯಿಂದ ಕೆಡವಿ ಕುಸ್ತಿ, ಕಡೆಗೆ ಗಿಡ್ಡ ಬಾಕಿನಿಂದ ತಲೆ. ಆ ತಲೆಯೇ ಬಹುಮಾನದ ರಸೀದಿ.

ದೊಡ್ಡ ಸಂಖ್ಯೆಗಳಿಗೆ ಮರುಳಾಗಬೇಡಿ. ಹಾಡುಗಬ್ಬ ಲಕ್ಷ ಸವಾರರೆನ್ನುತ್ತದೆ. ನೀವು ಸಾವಿರಗಳಲ್ಲಿ ಯೋಚಿಸಿ, ದೃಶ್ಯವನ್ನು ಹತ್ತು ಜನರಲ್ಲಿ ಬರೆಯಿರಿ. ಅಧ್ಯಾಯದ ಕಟ್ಟಿಗೆ ನಮ್ಮ ಭಾಗದ ಊರೂರಲ್ಲಿ ನಿಂತ ವೀರಗಲ್ಲು ಸಾಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಶಿವಸನ್ನಿಧಿ. 1185ರ ದನ್-ನೊ-ಉರ ಜಲಯುದ್ಧದಲ್ಲಿ ಅಜ್ಜಿ ಬಾಲಚಕ್ರವರ್ತಿ ಅಂತೊಕುವನ್ನು ಎತ್ತಿಕೊಂಡು, ಅಲೆಗಳ ಕೆಳಗೂ ಒಂದು ರಾಜಧಾನಿ ಇದೆಯೆಂದು ಹೇಳಿ ಸಮುದ್ರಕ್ಕೆ ಹಾರುತ್ತಾಳೆ. ಅಲ್ಲಿ ಮೂರನೆಯ ಹಂತ ಮೇಲಿಲ್ಲ, ನೀರಿನಡಿ ಇದೆ. ಅವಳ ಜೊತೆ ಮುಳುಗಿದ ರಾಜಖಡ್ಗ ಮತ್ತೆ ಸಿಗಲಿಲ್ಲ ಎನ್ನುತ್ತದೆ ಕಥನ. ನಿಮ್ಮ ಮೂರನೆಯ ಸಂಪುಟ ಅಲ್ಲಿಂದಲೇ ಹುಟ್ಟಬಹುದು.

ಪ್ರಶ್ನೆ: ಜಪಾನಿನ ಮಂದಿ ಬಾಯಾಗ ಧಾರವಾಡ ಕನ್ನಡ ಹಾಕಿದ್ರ ನಡೀತೈತೇನು? — ಓದುಗರು, ರಾಣೆಬೆನ್ನೂರು

ಉತ್ತರ: ಎಲ್ಲರ ಬಾಯಲ್ಲಿ ಬೇಡ, ಕಿಸೊ ಯೊಶಿನಕನ ಬಾಯಲ್ಲಿ ಹಾಕಿ. ಬೆಟ್ಟದಿಂದ ಇಳಿದು ರಾಜಧಾನಿ ಗೆದ್ದವನ ಮಾತು, ನಡೆ ನೋಡಿ ಕ್ಯೋತೊದವರು ನಕ್ಕದ್ದು ಹೇಕೆ ಕಥನದಲ್ಲೇ ಇದೆ. ಎತ್ತಿನ ಬಂಡಿಯನ್ನು ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯುವುದು ಅರಮನೆಯ ಶಿಷ್ಟಾಚಾರ; ಇವನು ಹಿಂದಿನಿಂದಲೇ ಇಳಿದ. ಆಸ್ಥಾನದವರಿಗೆ ಗ್ರಾಂಥಿಕ, ಕಿಸೊದವರಿಗೆ ಗಂಡುಮೆಟ್ಟಿನ ಮಾತು ಇಟ್ಟರೆ ಭೇದ ತಾನೇ ಮೂಡುತ್ತದೆ. ಒಂದೇ ಷರತ್ತು: ಆ ಮಾತು ನಗಿಸಲು ಬರಬಾರದು. ಅವನ ಜೊತೆ ಕಡೆಯವರೆಗೂ ಕಾದಿದ ಯೋಧೆ ತೊಮೊಯೆ ಗೊಜೆನ್‌ಳ ವಿದಾಯವನ್ನೂ ಅದೇ ಮಾತಿನಲ್ಲಿ ಬರೆದು ನೋಡಿ.

ಪ್ರಶ್ನೆ: ಅಂತೊಕುವಿಗೆ ಒಂದು ಕಡೆ ಆರು ವರ್ಷ, ಇನ್ನೊಂದು ಕಡೆ ಎಂಟು. ಯಾವುದು ಸರಿ? ಆ ಯುದ್ಧದ ಹಿಂದಿನ ರಾತ್ರಿ ಬೆಳದಿಂಗಳು ಇಡಬಹುದೇ? — ಓದುಗರು, ಲಕ್ಷ್ಮೇಶ್ವರ

ಉತ್ತರ: ಎರಡೂ ಸರಿ. ಹುಟ್ಟಿದಾಗಲೇ ಒಂದು, ಪ್ರತಿ ಹೊಸ ವರ್ಷಕ್ಕೆ ಇನ್ನೊಂದು ಎಂಬುದು ಅಲ್ಲಿನ ಲೆಕ್ಕ. 1178ರ ಕೊನೆಗೆ ಹುಟ್ಟಿದ ಮಗುವಿಗೆ 1185ರಲ್ಲಿ ಹಾಗೆ ಎಂಟು. ಪಾತ್ರಗಳು ಎಂಟು ಎನ್ನಲಿ, ನಿರೂಪಕ ವಯಸ್ಸು ಹೇಳದಿರಲಿ.

ಬೆಳದಿಂಗಳಿಗೆ ಪಂಚಾಂಗ ತೆಗೆಯಿರಿ. ಅವರ ತಿಂಗಳೂ ನಮ್ಮದರಂತೆ ಅಮಾವಾಸ್ಯೆ ಕಳೆದು ಶುರುವಾಗುತ್ತದೆ. ಯುದ್ಧ ನಡೆದದ್ದು ಮೂರನೆಯ ತಿಂಗಳ 24ರಂದು, ಅಂದರೆ ಬಹುಳ ನವಮಿಯ ಸುಮಾರು. ಹಿಂದಿನ ರಾತ್ರಿ ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೆ, ಅದೂ ಅರ್ಧ. ಸಂಜೆಯ ಮಾತುಕತೆಗೆ ಹಡಗಿನ ಮೇಲೆ ದೀವಟಿಗೆ ಹಚ್ಚಿಸಿ.